ಪರೀಕ್ಷೆ ಮುಗಿದ ಮೇಲೂ ಉಳಿಯುವ ಪ್ರಶ್ನೆ: ರಾಕೆಟ್ಟಿನ ಬಿಡಿಭಾಗಗಳಿಗೆ ಗುಣಮಟ್ಟ ಎಲ್ಲಿಂದ ಬರುತ್ತದೆ?

ಪೀಣ್ಯದ ಪ್ಲೇಟಿಂಗ್ ಘಟಕವೊಂದರಿಂದ ಹೊರಬಂದ, ಒಂದೇ ಡ್ರಾಯಿಂಗಿಗೆ ತಯಾರಾದ ಎರಡು ಅಧಿಕಬಲದ ಉಕ್ಕಿನ ಬೋಲ್ಟುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ, ಅವುಗಳಲ್ಲಿ ಯಾವುದು ಯೋಗ್ಯ, ಯಾವುದು ಅಪಾಯಕಾರಿ ಎಂದು ನೋಡಿ ಹೇಳುವುದು ಸಾಧ್ಯವಿಲ್ಲ. ಮೈಕ್ರೊಮೀಟರ್ ಹಿಡಿದರೆ ಎರಡರ ವ್ಯಾಸವೂ ಸರಿಯಿರುತ್ತದೆ, ಥ್ರೆಡ್ ಗೇಜ್ ಎರಡಕ್ಕೂ ಸಲೀಸಾಗಿ ಕೂರುತ್ತದೆ, ಗಡಸುತನ ಅಳೆದರೂ ಒಂದೇ ಅಂಕಿ ಬರುತ್ತದೆ. ಆದರೆ ಆಮ್ಲದ ತೊಟ್ಟಿಯಲ್ಲಿ ತೊಳೆಯುವಾಗ ಮತ್ತು ವಿದ್ಯುತ್ ಹಾಯಿಸಿ ಲೋಹದ ಲೇಪನ ಕೊಡುವಾಗ ಉಕ್ಕಿನೊಳಕ್ಕೆ ಹೈಡ್ರೋಜನ್ ಪರಮಾಣುಗಳು ನುಸುಳಿಕೊಳ್ಳುತ್ತವೆ. ಲೇಪನವಾದ ಕೆಲವೇ ಗಂಟೆಗಳೊಳಗೆ ಬೋಲ್ಟನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ ಗಂಟೆಗಟ್ಟಲೆ ಇಟ್ಟು ಆ ಹೈಡ್ರೋಜನ್ನನ್ನು ಹೊರಹಾಕಬೇಕು. ಹಾಗೆ ಮಾಡದ ಬೋಲ್ಟು ಬಿಗಿಯುವಾಗ ಏನೂ ತಕರಾರು ಮಾಡುವುದಿಲ್ಲ. ಬಿಗಿದು ಕೂರಿಸಿದ ಮೇಲೆ, ತನ್ನ ಸಾಮರ್ಥ್ಯಕ್ಕಿಂತ ಎಷ್ಟೋ ಕಡಿಮೆ ಎಳೆತದಲ್ಲಿ, ಕೆಲವು ಗಂಟೆಗಳೋ ಕೆಲವು ದಿನಗಳೋ ಕಳೆದ ಬಳಿಕ, ಯಾವ ಮುನ್ಸೂಚನೆಯನ್ನೂ ಕೊಡದೆ ತುಂಡಾಗುತ್ತದೆ. ಇವೆರಡು ಬೋಲ್ಟುಗಳ ನಡುವಣ ವ್ಯತ್ಯಾಸ ಇರುವುದು ಓವನ್ನಿನ ಉಷ್ಣಾಂಶದ ಚಾರ್ಟಿನಲ್ಲಿ ಮತ್ತು ತೊಟ್ಟಿಯಿಂದ ತೆಗೆದ ಸಮಯ, ಓವನ್ನಿಗೆ ಹಾಕಿದ ಸಮಯ ಎರಡನ್ನೂ ಬರೆದಿರುವ ರೂಟ್ ಕಾರ್ಡಿನಲ್ಲಿ.

ಹೀಗೆ ಕೆಲಸ ಮುಗಿದ ನಂತರ ವಸ್ತುವನ್ನು ಎಷ್ಟೇ ಪರಿಶೀಲಿಸಿದರೂ ಅದು ಸರಿಯಾಗಿ ಆಯಿತೇ ಎಂದು ಪೂರ್ಣವಾಗಿ ತಿಳಿಯಲಾಗದ ಪ್ರಕ್ರಿಯೆಗಳನ್ನು ಕೈಗಾರಿಕೆಯಲ್ಲಿ ‘ಸ್ಪೆಷಲ್ ಪ್ರೊಸೆಸ್’ ಎನ್ನುತ್ತಾರೆ. ವೆಲ್ಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಬ್ರೇಜಿಂಗ್, ಸೋಲ್ಡರಿಂಗ್, ಅಂಟಿನಿಂದ ಮಾಡುವ ಜೋಡಣೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ, ಮತ್ತು ರಾಕೆಟ್ಟು ಹಾಗೂ ಉಪಗ್ರಹಗಳು ಬಹುಮಟ್ಟಿಗೆ ಇಂಥ ಪ್ರಕ್ರಿಯೆಗಳಿಂದಲೇ ರೂಪುಗೊಳ್ಳುತ್ತವೆ. ಆದ್ದರಿಂದ ಬಾಹ್ಯಾಕಾಶದ ತಯಾರಿಕೆಯಲ್ಲಿ ಗುಣಮಟ್ಟ ಎಂದರೆ ಕೊನೆಗೆ ನಿಂತು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ಕೆಲಸ ಎಂದು ತಿಳಿದರೆ ವಿಷಯದ ತಿರುಳೇ ಕೈತಪ್ಪುತ್ತದೆ. ಇಲ್ಲಿ ನಿಯಂತ್ರಿಸಬೇಕಾಗಿರುವುದು ಪ್ರಕ್ರಿಯೆಯನ್ನು; ವಸ್ತುವಿನ ಯೋಗ್ಯತೆಗೆ ಇರುವ ಮುಖ್ಯ ಸಾಕ್ಷಿ ಆ ಪ್ರಕ್ರಿಯೆಯ ದಾಖಲೆ.

ಏಕೆ ಹೀಗೆ ಎನ್ನುವುದಕ್ಕೆ ಸರಳವಾದ ಗಣಿತವೊಂದಿದೆ. ಒಂದು ವ್ಯವಸ್ಥೆಯಲ್ಲಿ ಒಂದು ಸಾವಿರ ಭಾಗಗಳಿದ್ದು, ಅವುಗಳಲ್ಲಿ ಯಾವೊಂದು ಕೈಕೊಟ್ಟರೂ ಕೆಲಸ ಕೆಡುತ್ತದೆ ಎಂದುಕೊಳ್ಳೋಣ. ಪ್ರತಿಯೊಂದು ಭಾಗವೂ ಶೇ. 99.9ರಷ್ಟು ನಂಬಿಕೆಗೆ ಅರ್ಹವಾಗಿದ್ದರೆ, ಒಟ್ಟು ವ್ಯವಸ್ಥೆ ಸರಿಯಾಗಿ ನಡೆಯುವ ಸಂಭವ ಕೇವಲ ಶೇ. 37. ಭಾಗಗಳ ನಂಬಿಕೆಯನ್ನು ಶೇ. 99.99ಕ್ಕೆ ಏರಿಸಿದರೆ ಅದು ಸುಮಾರು ಶೇ. 90 ಆಗುತ್ತದೆ. ಅಂದರೆ ಸಾಮಾನ್ಯ ಕಾರ್ಖಾನೆಯಲ್ಲಿ ಬಹಳ ಒಳ್ಳೆಯದು ಎನಿಸಿಕೊಳ್ಳುವ ಮಟ್ಟ ಇಲ್ಲಿ ಏನೇನೂ ಸಾಲದು. ಆದರೆ ಆ ಎತ್ತರದ ಮಟ್ಟವನ್ನು ಮುಟ್ಟಿದ್ದೇವೆ ಎಂದು ಪರೀಕ್ಷೆಯಿಂದ ಸಾಬೀತುಪಡಿಸುವಷ್ಟು ವಸ್ತುಗಳು ಈ ಉದ್ಯಮದಲ್ಲಿ ತಯಾರಾಗುವುದು ತೀರ ಕಡಿಮೆ.

ನಮ್ಮದೇ ಜಿಎಸ್‌ಎಲ್‌ವಿ-ಎಫ್02ರ ಪ್ರಕರಣ ಇದನ್ನು ಚೆನ್ನಾಗಿ ತಿಳಿಸುತ್ತದೆ. 2006ರ ಜುಲೈ 10ರಂದು ಶ್ರೀಹರಿಕೋಟದಿಂದ ಇನ್‌ಸ್ಯಾಟ್-4ಸಿ ಉಪಗ್ರಹವನ್ನು ಹೊತ್ತು ಮೇಲೆದ್ದ ಆ ರಾಕೆಟ್ಟಿನ ನಾಲ್ಕು ಪಕ್ಕದ ದ್ರವ ಎಂಜಿನುಗಳಲ್ಲಿ ಒಂದು, ನೆಲ ಬಿಟ್ಟ 0.2 ಸೆಕೆಂಡಿನಲ್ಲೇ ನೂಕುಬಲ ಕಳೆದುಕೊಂಡಿತು. ಸುಮಾರು ಒಂದು ನಿಮಿಷದ ಹೊತ್ತಿಗೆ ವಾಹನ ದಾರಿ ತಪ್ಪಿ ಒಡೆದುಹೋಯಿತು. ತನಿಖಾ ಸಮಿತಿ ಹುಡುಕುತ್ತ ಹೋಗಿ ಮುಟ್ಟಿದ್ದು ಆ ಎಂಜಿನ್ನಿನ ಇಂಧನ ನಿಯಂತ್ರಕವೊಂದನ್ನು: ಮುಚ್ಚಿದ ಸ್ಥಿತಿಯಲ್ಲಿ ಅದರ ಮೂಲಕ ಹರಿಯಬೇಕಾದದ್ದಕ್ಕಿಂತ ಹೆಚ್ಚು ಇಂಧನ ಹರಿದಿತ್ತು. ತಯಾರಿಕೆಯಲ್ಲಿ ಅರಿವಿಲ್ಲದೆ ಆದ ತಪ್ಪೊಂದು ಮುಂದಿನ ತಪಾಸಣೆ ಮತ್ತು ಸ್ವೀಕಾರ ಪರೀಕ್ಷೆಗಳ ಕಣ್ಣು ತಪ್ಪಿಸಿ ಹಾರಾಟದವರೆಗೂ ಬಂದಿರಬಹುದು ಎಂಬುದು ಸಮಿತಿಯ ನಿರ್ಣಯವಾಗಿತ್ತು. ಅದುವರೆಗೆ ತಯಾರಾಗಿದ್ದ ಐವತ್ತು ಎಂಜಿನುಗಳಲ್ಲಿ ಇಂಥ ದೋಷ ಕಂಡಿರಲಿಲ್ಲ ಎಂದೂ ಅದು ಹೇಳಿತು.

ಈ ‘ಐವತ್ತು’ ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲಬೇಕು. ಐವತ್ತರಲ್ಲಿ ಒಂದೂ ಕೆಡಲಿಲ್ಲ ಎಂದರೆ ಮನಸ್ಸಿಗೆ ದೊಡ್ಡ ಧೈರ್ಯ ಬರುತ್ತದೆ. ಸಂಖ್ಯಾಶಾಸ್ತ್ರ ಅಷ್ಟು ಧೈರ್ಯ ಕೊಡುವುದಿಲ್ಲ. ಒಂದೂ ದೋಷ ಕಾಣದೆ ನಡೆದ ಪರೀಕ್ಷೆಗಳ ಸಂಖ್ಯೆಯಿಂದ ಮೂರನ್ನು ಭಾಗಿಸಿದರೆ, ಶೇ. 95ರ ಭರವಸೆಯೊಂದಿಗೆ ದೋಷದ ಪ್ರಮಾಣದ ಮೇಲ್ಮಿತಿ ಸಿಗುತ್ತದೆ ಎಂಬ ಸುಲಭ ಸೂತ್ರವಿದೆ. ಅದರಂತೆ ಐವತ್ತು ನಿರ್ದೋಷ ಎಂಜಿನುಗಳು ಹೇಳುವುದು ಇಷ್ಟೇ: ದೋಷದ ಪ್ರಮಾಣ ಬಹುಶಃ ಶೇ. 6ನ್ನು ಮೀರಿರಲಾರದು. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಬೇಕಾದರೆ ಸತತವಾಗಿ ಮೂರು ಸಾವಿರ ಎಂಜಿನುಗಳು ಸರಿಯಾಗಿ ನಡೆಯಬೇಕು. ಅಷ್ಟನ್ನು ಒಂದೇ ಮಾದರಿಯಲ್ಲಿ ತಯಾರಿಸಿ ನೋಡುವುದು ತೀರ ಅಪರೂಪ. ಇತಿಹಾಸ ಕೊಡಲಾಗದ ಆ ಭರವಸೆಯನ್ನು ಪ್ರತಿಯೊಂದು ಭಾಗ ತಯಾರಾದ ಬಗೆಯಿಂದಲೇ ಪಡೆಯಬೇಕಾಗುತ್ತದೆ.

ಪ್ರಕ್ರಿಯೆಯನ್ನು ಗಮನಿಸುವ ಸಾಧನವನ್ನು ಕೊಟ್ಟವರು ಅಮೆರಿಕದ ಬೆಲ್ ಸಂಸ್ಥೆಯಲ್ಲಿದ್ದ ವಾಲ್ಟರ್ ಶೂಹಾರ್ಟ್. ಅಳತೆಗಳನ್ನು ಒಂದಾದ ಮೇಲೊಂದು ಚುಕ್ಕಿಗಳಾಗಿ ಗುರುತಿಸಿ, ಅವು ಪ್ರಕ್ರಿಯೆಯ ಸಹಜ ಏರಿಳಿತದ ಮಿತಿಯೊಳಗಿವೆಯೇ ಎಂದು ತೋರಿಸುವ, 1924ರಲ್ಲಿ ಅವರು ರೂಪಿಸಿದ ಕಂಟ್ರೋಲ್ ಚಾರ್ಟ್ ಇಂದಿಗೂ ಬಳಕೆಯಲ್ಲಿದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ ಭಾರತಕ್ಕೂ ಬಂದಿದ್ದರು. ಆ ಸಂಸ್ಥೆ ಈ ವಿದ್ಯೆಯನ್ನು ದೇಶದ ಕಾರ್ಖಾನೆಗಳಿಗೆ ತಲುಪಿಸಿತು, ಮತ್ತು ಮೈಸೂರು ರಸ್ತೆಯಲ್ಲಿರುವ ಅದರ ಬೆಂಗಳೂರು ಕೇಂದ್ರದಲ್ಲಿ ಈ ವಿಷಯಕ್ಕೆಂದೇ ಒಂದು ವಿಭಾಗವಿದೆ. ಚಾರ್ಟಿನ ಹಿಂದಿನ ವಿಚಾರವನ್ನು ಒಂದು ಉದಾಹರಣೆಯಿಂದ ಹೇಳಬಹುದು. 20 ಮಿಲಿಮೀಟರ್ ವ್ಯಾಸದ ಒಂದು ಶಾಫ್ಟಿಗೆ ಡ್ರಾಯಿಂಗಿನಲ್ಲಿ 0.02 ಮಿಲಿಮೀಟರ್ ಹೆಚ್ಚುಕಡಿಮೆಗೆ ಅವಕಾಶವಿದೆ. ಆದರೆ ಈ ಯಂತ್ರ, ಈ ಟೂಲು, ಈ ಕೆಲಸಗಾರ ಸೇರಿದಾಗ ಬರುವ ಸಹಜ ಏರಿಳಿತ 0.005 ಮಿಲಿಮೀಟರ್ ಮಾತ್ರ. ಇವತ್ತು ಒಂದು ಶಾಫ್ಟು 20.012 ಬಂತು. ಡ್ರಾಯಿಂಗಿನ ಪ್ರಕಾರ ಅದು ಪಾಸು. ಪ್ರಕ್ರಿಯೆಯ ಪ್ರಕಾರ ಅಲ್ಲಿ ಏನೋ ಬದಲಾಗಿದೆ: ಟೂಲಿನ ತುದಿ ಸವೆದಿರಬಹುದು, ಕೂಲಂಟ್ ಕಡಿಮೆಯಾಗಿರಬಹುದು, ಕಚ್ಚಾ ಲೋಹದ ಸರಳು ಬೇರೆ ಬ್ಯಾಚಿನದಾಗಿರಬಹುದು. ಡ್ರಾಯಿಂಗಿನ ಮಿತಿ ಬಳಕೆದಾರನ ಅಗತ್ಯದಿಂದ ಬಂದದ್ದು, ಚಾರ್ಟಿನ ಮಿತಿ ಪ್ರಕ್ರಿಯೆಯ ಸ್ವಭಾವದಿಂದ ಬಂದದ್ದು. ಇವೆರಡನ್ನು ಒಂದೇ ಎಂದು ತಿಳಿಯುವುದು ಶಾಪ್‌ಫ್ಲೋರಿನಲ್ಲಿ ಬಹಳ ಸಾಮಾನ್ಯವಾದ ತಪ್ಪು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ದುಬಾರಿಯಾದ ತಪ್ಪು. ಅಳತೆಗೆ ಸಿಕ್ಕುವ ವ್ಯಾಸ ಬದಲಾಗಿದ್ದರೆ, ಅಳತೆಗೆ ಸಿಕ್ಕದ ಇನ್ನೇನೋ ಕೂಡ ಬದಲಾಗಿರಬಹುದು.

ಆದರೆ ಚಾರ್ಟು ಹುಟ್ಟಿದ್ದು ದಿನಕ್ಕೆ ಸಾವಿರಾರು ವಸ್ತುಗಳು ಹೊರಬರುವ ಕಾರ್ಖಾನೆಗಳಿಗಾಗಿ. ವರ್ಷಕ್ಕೆ ರಾಕೆಟ್ಟಿನ ಹತ್ತು ಇಂಧನ ಟ್ಯಾಂಕ್ ತಯಾರಿಸುವಲ್ಲಿ ಚುಕ್ಕಿಗಳನ್ನು ಎಲ್ಲಿಂದ ತರುವುದು? ಇದಕ್ಕೆ ಬಾಹ್ಯಾಕಾಶ ಉದ್ಯಮ ಕಂಡುಕೊಂಡ ದಾರಿ ವಸ್ತುವಿನ ಬದಲು ಪ್ರಕ್ರಿಯೆಯ ಅಂಶಗಳನ್ನೇ ಅಳೆಯುವುದು. ಟ್ಯಾಂಕುಗಳು ಹತ್ತೇ ಇರಬಹುದು, ಆದರೆ ಅವುಗಳ ವೆಲ್ಡಿಂಗಿನ ಪ್ರತಿ ಸೆಕೆಂಡಿಗೂ ವಿದ್ಯುತ್ ಪ್ರವಾಹ, ವೋಲ್ಟೇಜ್, ತಲೆ ಚಲಿಸುವ ವೇಗ, ಆರ್ಗಾನ್ ಅನಿಲದ ಹರಿವು ದಾಖಲಾಗುತ್ತವೆ. ಪ್ಲೇಟಿಂಗ್ ತೊಟ್ಟಿಯ ರಾಸಾಯನಿಕ ಸಾಂದ್ರತೆ, ಓವನ್ನಿನ ಬೇರೆ ಬೇರೆ ಮೂಲೆಗಳ ಉಷ್ಣಾಂಶ, ಕ್ಲೀನ್‌ರೂಮಿನ ಗಾಳಿಯ ಧೂಳಿನ ಕಣಗಳು ಎಲ್ಲವೂ ದಿನವೂ ಚುಕ್ಕಿಗಳನ್ನು ಕೊಡುತ್ತವೆ. ಇದರ ಜೊತೆಗೆ, ನಿಜವಾದ ಭಾಗದೊಂದಿಗೆ ಅದೇ ದಿನ, ಅದೇ ಯಂತ್ರದಲ್ಲಿ, ಅದೇ ವೆಲ್ಡರ್ ಕೈಯಲ್ಲಿ ಒಂದು ಮಾದರಿ ತುಂಡನ್ನೂ ಬೆಸೆಯುತ್ತಾರೆ. ಹಾರಬೇಕಾದ ಭಾಗವನ್ನು ಕತ್ತರಿಸಿ ನೋಡಲಾಗದ ಕಾರಣ ಈ ತುಂಡನ್ನು ಎಳೆದು, ಮುರಿದು, ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಾರೆ.

ಬೆಂಗಳೂರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದ ತೇವ ಅಲ್ಯೂಮಿನಿಯಂ ಹಾಳೆಯ ಮೇಲೋ ವೆಲ್ಡಿಂಗ್ ತಂತಿಯ ಮೇಲೋ ಕೂತರೆ, ಬೆಸುಗೆಯ ಬಿಸಿಯಲ್ಲಿ ಆ ನೀರು ಒಡೆದು ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಕರಗಿದ ಅಲ್ಯೂಮಿನಿಯಂ ಅದನ್ನು ಹೀರಿಕೊಂಡು, ಗಟ್ಟಿಯಾಗುವಾಗ ಹಿಡಿದಿಟ್ಟುಕೊಳ್ಳಲಾರದೆ ಬೆಸುಗೆಯೊಳಗೆ ಸಣ್ಣ ಸಣ್ಣ ಗುಳ್ಳೆಗಳನ್ನು ಉಳಿಸುತ್ತದೆ. ಹಾಗಾಗಿ ಅಂಚುಗಳನ್ನು ತೊಳೆದು, ಕೆರೆದು, ನಿಗದಿತ ಗಂಟೆಗಳೊಳಗೆ ಬೆಸೆಯಬೇಕು ಎಂಬ ನಿಯಮವಿರುತ್ತದೆ. ಸಮಯ ಮೀರಿದರೆ ತೊಳೆಯುವ ಕೆಲಸ ಮತ್ತೆ ಮೊದಲಿನಿಂದ. ಇನ್ನು ಫೆಬ್ರುವರಿ, ಮಾರ್ಚ್ ತಿಂಗಳುಗಳ ಒಣಹವೆಯಲ್ಲಿ ಎಲೆಕ್ಟ್ರಾನಿಕ್ಸ್ ಜೋಡಿಸುವವರ ಮೈಯಲ್ಲಿ ಸ್ಥಿರವಿದ್ಯುತ್ ಸುಲಭವಾಗಿ ಸೇರುತ್ತದೆ. ಸಾಮಾನ್ಯವಾಗಿ ಮೂರು ಸಾವಿರ ವೋಲ್ಟಿನ ಹತ್ತಿರ ಬರುವವರೆಗೆ ಮನುಷ್ಯನಿಗೆ ಅದರ ಚುರುಕು ತಿಳಿಯುವುದಿಲ್ಲ, ಆದರೆ ನೂರು ವೋಲ್ಟಿಗಿಂತ ಕಡಿಮೆಯಲ್ಲೇ ಕೆಡುವ ಚಿಪ್ಪುಗಳಿವೆ. ಕೆಟ್ಟದ್ದು ಆಗಲೇ ಗೊತ್ತಾದರೆ ಒಳ್ಳೆಯದು. ಅರೆಪೆಟ್ಟು ತಿಂದ ಚಿಪ್ಪು ಎಲ್ಲ ಪರೀಕ್ಷೆಗಳನ್ನೂ ಪಾಸಾಗಿ, ಕಕ್ಷೆಗೆ ಹೋದ ಮೇಲೆ ಸಾಯಬಹುದು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಅದು ನೆಲಕ್ಕೆ ಸರಿಯಾಗಿ ಜೋಡಿಸಿದೆಯೇ ಎಂದು ಯಂತ್ರದಲ್ಲಿ ಪರೀಕ್ಷಿಸಿ, ಪುಸ್ತಕದಲ್ಲಿ ಸಹಿ ಹಾಕಿ ಕೆಲಸಕ್ಕೆ ಕೂರುವುದು ಇದಕ್ಕಾಗಿ.

ಅಳತೆಯ ಸಾಧನವೇ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಬಲ್ ದೂರದರ್ಶಕ ಸಾಕ್ಷಿ. ಅದರ ಮುಖ್ಯ ಕನ್ನಡಿಯನ್ನು ಉಜ್ಜುವಾಗ ಆಕಾರ ಅಳೆಯಲು ಬಳಸಿದ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ತಪ್ಪಾದ ಜಾಗದಲ್ಲಿ ಕೂತಿತ್ತು. ಕನ್ನಡಿಯನ್ನು ಆ ಉಪಕರಣ ಹೇಳಿದಂತೆ ಅತ್ಯಂತ ನಿಖರವಾಗಿ ತಪ್ಪು ಆಕಾರಕ್ಕೆ ಉಜ್ಜಲಾಯಿತು. ಅಂಚಿನಲ್ಲಿ ಆದ ವ್ಯತ್ಯಾಸ ಎರಡು ಮೈಕ್ರಾನಿಗಿಂತ ತುಸು ಹೆಚ್ಚು. ನೋವಿನ ಸಂಗತಿಯೆಂದರೆ, ಬೇರೆ ಎರಡು ಸಾಧನಗಳು ದೋಷವನ್ನು ತೋರಿಸಿದ್ದವು. ಅವು ಅಷ್ಟು ನಿಖರವಲ್ಲ ಎಂಬ ಕಾರಣಕ್ಕೆ ಅವುಗಳ ಮಾತನ್ನು ಬದಿಗಿಡಲಾಯಿತು. 1990ರ ಏಪ್ರಿಲ್‌ನಲ್ಲಿ ಕಕ್ಷೆಗೆ ಹೋದ ದೂರದರ್ಶಕ ಸ್ಪಷ್ಟವಾಗಿ ಕಾಣತೊಡಗಿದ್ದು 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿದ ಮೇಲೆ.

ಕಚ್ಚಾ ಸಾಮಗ್ರಿಯ ಮಟ್ಟದಲ್ಲಿ ಇದೇ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಅಮೆರಿಕದ ಟಾರಸ್ ಎಕ್ಸ್‌ಎಲ್ ರಾಕೆಟ್ಟು 2009ರಲ್ಲಿ ಇಂಗಾಲ ಅಳೆಯುವ ಉಪಗ್ರಹವೊಂದನ್ನೂ 2011ರಲ್ಲಿ ಗ್ಲೋರಿ ಉಪಗ್ರಹವನ್ನೂ ಕಕ್ಷೆಗೆ ಸೇರಿಸದೆ ಬಿದ್ದುಹೋಯಿತು. ಎರಡು ಸಲವೂ ಮೂತಿಯ ಉಷ್ಣಕವಚ ಬೇರ್ಪಡಲಿಲ್ಲ. ಕವಚದ ಎರಡು ಹೋಳುಗಳನ್ನು ಹಿಡಿದಿಡುವ ಅಲ್ಯೂಮಿನಿಯಂ ಪಟ್ಟಿ ಒಳಗಿನ ಸ್ಫೋಟಕದಿಂದ ನಿಗದಿತ ರೇಖೆಯಲ್ಲಿ ಒಡೆಯಬೇಕು. ಇಂಥ ಭಾಗವನ್ನು ಹಾರಾಟಕ್ಕೆ ಮುನ್ನ ಪರೀಕ್ಷಿಸುವಂತಿಲ್ಲ, ಏಕೆಂದರೆ ಪರೀಕ್ಷಿಸಿದರೆ ಅದು ಮುಗಿದುಹೋಗುತ್ತದೆ. ಒಂದೇ ಲಾಟಿನ ಕೆಲವನ್ನು ಸಿಡಿಸಿ ನೋಡಿ, ಉಳಿದವು ಹಾಗೆಯೇ ಇರುತ್ತವೆ ಎಂದು ನಂಬಬೇಕು. ಆ ನಂಬಿಕೆ ನಿಂತಿರುವುದು ಲೋಹದ ಗುಣಗಳು ಒಂದೇ ತೆರನಾಗಿವೆ ಎನ್ನುವ ಟೆಸ್ಟ್ ಸರ್ಟಿಫಿಕೇಟಿನ ಮೇಲೆ. ಆ ಲೋಹ ಪೂರೈಸಿದ ಕಂಪನಿ 19 ವರ್ಷಗಳ ಕಾಲ ಸರ್ಟಿಫಿಕೇಟುಗಳಲ್ಲಿ ಸುಳ್ಳು ಅಂಕಿಗಳನ್ನು ತುಂಬಿತ್ತು ಎಂದು ನಾಸಾ 2019ರಲ್ಲಿ ಪ್ರಕಟಿಸಿತು. ಎರಡು ಉಡಾವಣೆಗಳ ನಷ್ಟ 70 ಕೋಟಿ ಡಾಲರಿಗಿಂತ ಹೆಚ್ಚು. ಪ್ರತಿ ಲೋಹದ ತುಂಡಿಗೂ ಅದು ಕುಲುಮೆಯಲ್ಲಿ ಯಾವ ಸಲ ಕರಗಿಸಿದ ಲೋಹದ್ದು ಎಂದು ಹೇಳುವ ಹೀಟ್ ನಂಬರ್ ಅಂಟಿಕೊಂಡೇ ಬರಬೇಕು, ತುಂಡನ್ನು ಎರಡಾಗಿ ಕತ್ತರಿಸುವ ಮೊದಲೇ ಎರಡೂ ಭಾಗಗಳ ಮೇಲೆ ಆ ಸಂಖ್ಯೆ ಕೊರೆದಿರಬೇಕು, ಸರ್ಟಿಫಿಕೇಟ್ ಬಂದಿದ್ದರೂ ಆಗಾಗ ಸ್ವತಂತ್ರ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ನಡೆಯಬೇಕು ಎಂಬ ಕಟ್ಟುಪಾಡುಗಳನ್ನು ಕಾಗದದ ಕಾಟ ಎಂದುಕೊಳ್ಳುವವರು ಈ ಪ್ರಕರಣವನ್ನು ಓದಬೇಕು. ಒಂದು ದೋಷ ಸಿಕ್ಕಾಗ ಅದೇ ಹೀಟಿನ ಲೋಹ ಇನ್ನೆಲ್ಲೆಲ್ಲಿ ಹೋಗಿದೆ ಎಂದು ಹುಡುಕಿ ತೆಗೆಯಲು ಬೇರೆ ದಾರಿಯೇ ಇಲ್ಲ.

ಜೋಡಣೆಯ ಹಂತದ ತಪ್ಪುಗಳು ಇನ್ನೊಂದು ಬಗೆಯವು. 2013ರ ಜುಲೈನಲ್ಲಿ ರಷ್ಯದ ಪ್ರೋಟಾನ್ ರಾಕೆಟ್ಟು ಮೂರು ಗ್ಲೋನಾಸ್ ಉಪಗ್ರಹಗಳೊಂದಿಗೆ ಸುಮಾರು ಅರ್ಧ ನಿಮಿಷದಲ್ಲಿ ನೆಲಕ್ಕಪ್ಪಳಿಸಿದ್ದು ಕೋನವೇಗ ಅಳೆಯುವ ಸಂವೇದಕಗಳನ್ನು ತಲೆಕೆಳಗಾಗಿ ಕೂರಿಸಿದ್ದರಿಂದ. 2020ರ ನವೆಂಬರಿನಲ್ಲಿ ಯೂರೋಪಿನ ವೇಗಾ ರಾಕೆಟ್ಟು ಎರಡು ಉಪಗ್ರಹಗಳನ್ನು ಕಳೆದುಕೊಂಡದ್ದು ಕೊನೆಯ ಹಂತದ ಎಂಜಿನ್ನನ್ನು ತಿರುಗಿಸುವ ವ್ಯವಸ್ಥೆಯ ಕೇಬಲ್ಲುಗಳು ಅದಲುಬದಲಾದ್ದರಿಂದ. ಎರಡರಲ್ಲೂ ವಿದ್ಯುತ್ ಸಂಪರ್ಕದ ಪರೀಕ್ಷೆ ಸರಿಯಾಗಿಯೇ ಬರುತ್ತದೆ. ಸಂಕೇತ ಬರುತ್ತಿದೆಯೇ ಎಂದು ನೋಡುವ ಪರೀಕ್ಷೆ, ಅದು ಯಾವ ದಿಕ್ಕಿನದು ಎಂದು ಕೇಳುವುದಿಲ್ಲ. ಭೌತಿಕವಾಗಿ ತಪ್ಪಾಗಿ ಕೂರಲು ಸಾಧ್ಯವೇ ಇಲ್ಲದಂತೆ ಭಾಗವನ್ನು ವಿನ್ಯಾಸ ಮಾಡುವುದು ಮೊದಲ ರಕ್ಷಣೆ, ಆದರೆ ಪ್ರೋಟಾನ್ ಪ್ರಕರಣದಲ್ಲಿ ಹಾಗೆ ತಡೆಯಲೆಂದೇ ಇದ್ದ ಗೂಟಗಳನ್ನೂ ಮೀರಿ ಸಂವೇದಕವನ್ನು ಬಲವಂತವಾಗಿ ಒತ್ತಿ ಕೂರಿಸಿದ ಗುರುತುಗಳು ಸಿಕ್ಕಿದವು.

2003ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ (NOAA) ಹವಾಮಾನ ಉಪಗ್ರಹ ನೆಲಕ್ಕೆ ಬಿದ್ದದ್ದು ಇನ್ನೂ ಸರಳವಾದ ಕಾರಣಕ್ಕೆ. ಅದನ್ನು ಓರೆಯಾಗಿಸುವ ಗಾಡಿಗೆ ಬಿಗಿಯಬೇಕಾಗಿದ್ದ 24 ಬೋಲ್ಟುಗಳನ್ನು ಬೇರೊಂದು ತಂಡ ತೆಗೆದುಕೊಂಡು ಹೋಗಿತ್ತು. ಬೋಲ್ಟುಗಳಿವೆ ಎಂದು ಕಾಗದದಲ್ಲಿ ಸಹಿ ಬಿದ್ದಿತ್ತು. ಹಿಂದಿನ ಸಲ ಇದ್ದವು ಎಂಬ ಆಧಾರದ ಮೇಲೆ ಹಾಕಿದ ಸಹಿ ಅದು. ತೂತುಗಳು ಖಾಲಿ ಇವೆ ಎಂದು ಒಬ್ಬರು ಹೇಳಿದ್ದರು, ಆದರೆ ಆ ಮಾತಿಗೆ ಬೆಲೆ ಸಿಗಲಿಲ್ಲ. ದುರಸ್ತಿಗೆ 13.5 ಕೋಟಿ ಡಾಲರ್ ಹಿಡಿಯಿತು. ಪ್ರತಿ ಹಂತದಲ್ಲೂ ಕೆಲಸ ಮಾಡಿದವರ ಸಹಿಯ ಪಕ್ಕದಲ್ಲಿ ಕ್ವಾಲಿಟಿಯವರ ಸ್ಟಾಂಪು ಬೀಳುವ ವ್ಯವಸ್ಥೆಗೆ ಅರ್ಥವಿರುವುದು ಸ್ಟಾಂಪು ಹಾಕುವವರು ಸ್ಥಳಕ್ಕೆ ಬಂದು ತಮ್ಮ ಕಣ್ಣಿನಿಂದ ನೋಡಿದಾಗ ಮಾತ್ರ. ಅವರು ಉತ್ಪಾದನೆಯ ಮುಖ್ಯಸ್ಥರಿಗೆ ಉತ್ತರ ಹೇಳಬೇಕಾದವರಾಗಿರಬಾರದು ಎಂಬ ನಿಯಮವೂ ಇದಕ್ಕೇ ಸೇರಿದ್ದು; ತಿಂಗಳ ಕೊನೆಯ ಗಡುವಿನ ಒತ್ತಡ ಇರುವವರ ಕೈಯಲ್ಲೇ ‘ನಿಲ್ಲಿಸಿ’ ಎನ್ನುವ ಅಧಿಕಾರ ಇದ್ದರೆ ಅದು ಬಳಕೆಗೆ ಬರುವುದು ಕಡಿಮೆ.

ಡ್ರಾಯಿಂಗಿಗೆ ಹೊಂದದ ಭಾಗ ಸಿಕ್ಕಾಗ ಅದನ್ನು ಕೆಂಪು ಚೀಟಿ ಹಾಕಿ ಬೇರೆ ಇಡುತ್ತಾರೆ, ವಿನ್ಯಾಸ, ತಯಾರಿಕೆ, ಗುಣಮಟ್ಟ ಮೂರೂ ಕಡೆಯವರು ಕೂತು ಅದರ ಗತಿ ನಿರ್ಧರಿಸುತ್ತಾರೆ: ಹಾಗೇ ಬಳಸುವುದೋ, ಸರಿಪಡಿಸುವುದೋ, ಎಸೆಯುವುದೋ. ‘ಹಾಗೇ ಬಳಸಬಹುದು’ ಎಂಬ ತೀರ್ಮಾನ ಎಷ್ಟು ಸೂಕ್ಷ್ಮ ಎಂಬುದಕ್ಕೆ ಅಪೊಲೊ 13ರ ಆಮ್ಲಜನಕದ ಟ್ಯಾಂಕಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 1968ರಲ್ಲಿ ಕಾರ್ಖಾನೆಯಲ್ಲಿ ಅದು ಸುಮಾರು ಐದು ಸೆಂಟಿಮೀಟರ್ ಎತ್ತರದಿಂದ ಜಾರಿತು. ಘಟನೆ ದಾಖಲಾಯಿತು, ಹೊರಗಿನಿಂದ ಪರಿಶೀಲನೆ ಆಯಿತು, ತೊಂದರೆಯಿಲ್ಲ ಎಂದು ತೀರ್ಮಾನವಾಯಿತು. ಒಳಗಿನ ಒಂದು ಕೊಳವೆ ಆಗ ಸಡಿಲಗೊಂಡಿರಬಹುದು; ಉಡಾವಣೆಗೆ ಮುನ್ನ ಟ್ಯಾಂಕು ಎಂದಿನಂತೆ ಖಾಲಿಯಾಗಲಿಲ್ಲ. ಒಳಗಿನ ಹೀಟರನ್ನು ಗಂಟೆಗಟ್ಟಲೆ ಉರಿಸಿ ಆಮ್ಲಜನಕವನ್ನು ಆವಿ ಮಾಡಿ ಹೊರಕ್ಕೆ ಬಿಡಲಾಯಿತು. ಹೀಟರಿನ ಸ್ವಿಚ್ಚುಗಳು 28 ವೋಲ್ಟಿಗೆ ತಯಾರಾದವು, ಆದರೆ ಉಡಾವಣಾ ಕೇಂದ್ರದ ವಿದ್ಯುತ್ತು 65 ವೋಲ್ಟಿನದು. 28ರಿಂದ 65 ವೋಲ್ಟಿಗೆ ಏರಿಸುವ ಬದಲಾವಣೆಯನ್ನು ನಿರ್ದೇಶಿಸಿದ್ದ ಕಾಗದ ಸ್ವಿಚ್ಚಿನ ವಿನ್ಯಾಸವನ್ನು ಮುಟ್ಟಿರಲಿಲ್ಲ. ಸ್ವಿಚ್ಚುಗಳು ಬೆಸೆದುಕೊಂಡು, ಟ್ಯಾಂಕಿನೊಳಗೆ ಕೆಲವೆಡೆ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟಿ, ತಂತಿಗಳ ಹೊದಿಕೆ ಸುಟ್ಟಿತು. ನೆಲದಲ್ಲಿದ್ದ ಮಾಪಕ 27 ಡಿಗ್ರಿಗಿಂತ ಮೇಲೆ ತೋರಿಸುವಂತಿರಲಿಲ್ಲ, ಹಾಗಾಗಿ ಅದು 27ರಲ್ಲೇ ನಿಂತಿತ್ತು. 1970ರ ಏಪ್ರಿಲ್‌ನಲ್ಲಿ ಚಂದ್ರನ ದಾರಿಯಲ್ಲಿ ಆ ಟ್ಯಾಂಕು ಸಿಡಿಯಿತು. ಬಿಡಿಯಾಗಿ ನೋಡಿದರೆ ಪ್ರತಿಯೊಂದು ತೀರ್ಮಾನಕ್ಕೂ ಸಮರ್ಥನೆ ಇತ್ತು. ಅವೆಲ್ಲವನ್ನೂ ಒಂದೇ ಟ್ಯಾಂಕಿನ ಚರಿತ್ರೆಯಾಗಿ ಯಾರೂ ಓದಲಿಲ್ಲ. ಇಂದು ಪ್ರತಿ ಮುಖ್ಯ ಭಾಗದ ಜೊತೆ ಹುಟ್ಟಿನಿಂದ ಹಾರಾಟದವರೆಗಿನ ಎಲ್ಲ ವ್ಯತ್ಯಯಗಳ ಕಡತ ಸಾಗುವುದು ಮತ್ತು ಉಡಾವಣೆಗೆ ಮುಂಚಿನ ವಿಮರ್ಶಾ ಸಭೆಗಳಲ್ಲಿ ಆ ಕಡತವನ್ನು ಪುಟಪುಟವಾಗಿ ತಿರುವುವುದು ಈ ಕಾರಣದಿಂದ.

1975ರಲ್ಲಿ ಹಾರಿದ ಆರ್ಯಭಟ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಯಿತು. ಆಗ ವಿನ್ಯಾಸ ಮಾಡಿದವರು, ಜೋಡಿಸಿದವರು, ಪರೀಕ್ಷಿಸಿದವರು ಒಂದೇ ಸೂರಿನಡಿ ಇದ್ದರು. ಬರೆಯದೆ ಉಳಿದ ವಿವರವೂ ಮಾತಿನಲ್ಲಿ ದಾಟುತ್ತಿತ್ತು. ಈಗ ಪರಿಸ್ಥಿತಿ ಬೇರೆಯಾಗಿದೆ. 2022ರಲ್ಲಿ ಐದು ಪಿಎಸ್‌ಎಲ್‌ವಿ ರಾಕೆಟ್ಟುಗಳನ್ನು ಪೂರ್ಣವಾಗಿ ತಯಾರಿಸುವ ಗುತ್ತಿಗೆ ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಕೂಟಕ್ಕೆ ಸಿಕ್ಕಿತು, ಅದೇ ವರ್ಷ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕ ಆರಂಭವಾಯಿತು, ನಗರದ ಹೊಸ ಕಂಪನಿಗಳು ತಮ್ಮದೇ ಉಪಗ್ರಹಗಳನ್ನು ಕಟ್ಟುತ್ತಿವೆ. ಡ್ರಾಯಿಂಗುಗಳನ್ನು ಹಸ್ತಾಂತರಿಸುವುದು ಸುಲಭ. ಪ್ರಕ್ರಿಯೆಯನ್ನು ಹಸ್ತಾಂತರಿಸಬೇಕಾದರೆ ಯಾವ ವೆಲ್ಡಿಂಗ್ ತಂತಿ, ಯಾವ ತೊಟ್ಟಿ, ಯಾವ ಕ್ರಮ, ಯಾವ ಥ್ರೆಡ್ಡಿಗೆ ಯಾವ ಎಣ್ಣೆ ಎಂಬುದನ್ನೂ ಕೊಡಬೇಕು. ಕೊನೆಯದು ಸಣ್ಣ ವಿಷಯ ಎನಿಸಬಹುದು, ಆದರೆ ಟಾರ್ಕ್ ರೆಂಚಿನಿಂದ ಹಾಕಿದ ಬಲದಲ್ಲಿ ಬೋಲ್ಟನ್ನು ನಿಜವಾಗಿ ಎಳೆದು ಬಿಗಿಯುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದು ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಎಣ್ಣೆ ಬದಲಾದರೆ, ರೆಂಚು ಅದೇ ಅಂಕಿ ತೋರಿಸಿದರೂ ಬಿಗಿತ ಬೇರೆಯಾಗಿರುತ್ತದೆ.

ಇದಕ್ಕಾಗಿಯೇ ಹೊಸ ಜಾಗದಲ್ಲಿ ತಯಾರಾದ ಮೊದಲ ಭಾಗವನ್ನು ಡ್ರಾಯಿಂಗಿನ ಪ್ರತಿಯೊಂದು ಅಳತೆ, ಪ್ರತಿಯೊಂದು ಟಿಪ್ಪಣಿಯೊಂದಿಗೆ ಒಂದೊಂದಾಗಿ ಹೋಲಿಸುವ ‘ಫಸ್ಟ್ ಆರ್ಟಿಕಲ್’ ತಪಾಸಣೆ ನಡೆಯುತ್ತದೆ. ಏರೋಸ್ಪೇಸ್ ಉದ್ಯಮದ ಮಾನದಂಡದ ಪ್ರಕಾರ, ತಯಾರಿಕೆಯ ಸ್ಥಳ ಅಥವಾ ವಿಧಾನ ಬದಲಾಗಿ ಅದು ಭಾಗದ ಮೇಲೆ ಪರಿಣಾಮ ಬೀರುವಂತಿದ್ದರೆ ಈ ತಪಾಸಣೆಯನ್ನು ಮತ್ತೆ ಮಾಡಬೇಕು. ಎರಡು ವರ್ಷ ಆ ಭಾಗದ ತಯಾರಿಕೆ ನಿಂತುಹೋಗಿದ್ದರೂ ಮಾಡಬೇಕು. ಹಲವು ವೆಲ್ಡಿಂಗ್ ಮಾನದಂಡಗಳಲ್ಲಿ, ಆರು ತಿಂಗಳು ಆ ವಿಧಾನದಲ್ಲಿ ಕೆಲಸ ಮಾಡದ ವೆಲ್ಡರ್ ಎಷ್ಟೇ ಅನುಭವಿಯಾಗಿದ್ದರೂ ಮತ್ತೆ ಪರೀಕ್ಷಾ ತುಂಡು ಬೆಸೆದು ಅರ್ಹತೆ ತೋರಿಸಬೇಕು. ಉಡಾವಣೆಗಳ ನಡುವೆ ತಿಂಗಳುಗಟ್ಟಲೆ ಅಂತರವಿರುವ ನಮ್ಮಲ್ಲಿ ಈ ಎರಡು ಗಡಿಗಳೂ ಮೇಲಿಂದ ಮೇಲೆ ಎದುರಾಗುತ್ತವೆ. ಸಣ್ಣ ಘಟಕಗಳು ಒಂದು ಆರ್ಡರಿನ ಬೆಲೆ ಹೇಳುವಾಗ, ಹಾರಾಟಕ್ಕೆ ಹೋಗದ ಆ ತುಂಡುಗಳ ಲೋಹ, ಎಕ್ಸ್‌-ರೇ ಮತ್ತು ಕೆಲಸದ ದಿನಗಳನ್ನೂ ಸೇರಿಸಿಯೇ ಲೆಕ್ಕ ಹಾಕಬೇಕಾಗುತ್ತದೆ, ಮತ್ತು ಆರ್ಡರ್ ಕೊಡುವವರು ಆ ವೆಚ್ಚವನ್ನು ಚೌಕಾಸಿಯಿಂದ ಹೊರಗಿಡಬೇಕಾಗುತ್ತದೆ.